ಜಲ್ಲಿಗೆ ಹೆಪ್ಪು

ನನ್ನ ಕೆಲಸ ನೀರು ಹಿಡಿಯುವುದು. ಕೊಡದಲ್ಲಲ್ಲ, ಬಾಟಲಿಯಲ್ಲಿ. ರಾಜ್ಯದ ಪರಿಸರ ಕಚೇರಿಯ ಚಿಕ್ಕಬಳ್ಳಾಪುರದ ಶಾಖೆಗೆ ಸೇರಿದಾಗಿನಿಂದ ಕಾರ್ಖಾನೆಗಳ ಹಿತ್ತಲು, ಕೆರೆಗಳ ಕೋಡಿ, ಊರೂರಿನ ಚರಂಡಿ, ಇವೇ ನನ್ನ ತಿರುಗಾಟದ ಜಾಗಗಳು. ನಗರಗೆರೆಯಲ್ಲಿರುವ ನಮ್ಮಮ್ಮ ನೆಂಟರ ಹತ್ತಿರ ‘ನಮ್ಮುಡುಗಿಗೆ ಸರ್ಕಾರಿ ಕೆಲಸ’ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾರೆ. ಎಂಥ ಕೆಲಸ ಎಂದು ಯಾರಾದರೂ ಕೆದಕಿದರೆ ‘ನೀರಿಂದು’ ಅಂದುಬಿಡುತ್ತಾರೆ. ಕೇಳಿದವರು ನಲ್ಲಿ ನೀರಿನ ಬಗ್ಗೆ ಶಿಫಾರಸು ಮಾಡಿಸಿಕೊಳ್ಳಲು ನನಗೆ ಫೋನ್ ಮಾಡುತ್ತಾರೆ.

ನನಗೆ ಮಾತ್ರ ಈ ಕೆಲಸ ಬಲು ಇಷ್ಟ. ಕುಡುಮಲಕುಂಟೆಯ ಕಾರ್ಖಾನೆಗಳಿಗೆ ಹೋದರೆ ಗೇಟಿನಲ್ಲಿ ಸಹಿ, ತಲೆಗೆ ಹೆಲ್ಮೆಟ್ಟು, ಜೊತೆಗೆ ಇಂಗ್ಲಿಷಿನಲ್ಲಿ ವಿವರಿಸುವ ಒಬ್ಬ ಎಂಜಿನಿಯರು. ಶಿಡ್ಲಘಟ್ಟಕ್ಕೆ ಹೋದರೆ ಮೊದಲು ಟೀ. ಟೀ ಮುಗಿಯದೆ ಅಲ್ಲಿ ಯಾರೂ ಯಾವ ಗುಂಡಿಯನ್ನೂ ತೋರಿಸುವುದಿಲ್ಲ.

ಅಲ್ಲಿನ ಒಂದು ಬೀದಿಯಲ್ಲಿ, ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುವ ಒಬ್ಬ ಹೆಂಗಸಿದ್ದಾರೆ. ಬೀದಿಯವರೆಲ್ಲ ಅವರನ್ನು ಆಪಾ ಎನ್ನುತ್ತಾರೆ. ಅಕ್ಕ ಎಂದರ್ಥ. ನಾನೂ ಹಾಗೇ ಕರೆಯುತ್ತೇನೆ. ಸಾದಲಿ ಕಡೆಯಿಂದ ಬಂದ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ಬಿಡಿಸುವುದು ಅವರ ಮತ್ತು ಅವರ ಇಬ್ಬರು ನಾದಿನಿಯರ ಕೆಲಸ. ಬೆಂದ ಹುಳು ಒಣಗಿ ಮೀನಿನ ಮೇವಿಗೆ ಹೋಗುತ್ತದೆ. ಎಳೆಗೆ ಬಾರದೆ ಉಳಿದ ಜಾಳು ರೇಷ್ಮೆಯನ್ನೂ ಕೊಳ್ಳುವವರಿದ್ದಾರೆ. ಯಾರಿಗೂ ಬೇಡದ್ದು ಬೇಯಿಸಿದ ನೀರು ಮಾತ್ರ. ಟೀ ಬಣ್ಣದ, ನೊರೆ ನೊರೆಯಾದ, ಮೂಗು ಹಿಡಿಸುವ ಆ ನೀರು ಎಷ್ಟೋ ವರ್ಷ ಬೀದಿಯ ಚರಂಡಿ ಹಿಡಿದು ಊರ ಕೆರೆ ಸೇರುತ್ತಿತ್ತು.

ಅದರ ಮೇಲೆ ದೂರು ಕೊಟ್ಟವರು ಪಕ್ಕದ ಮನೆಯವರೇ. ನಿವೃತ್ತರಾದ ಶಾಲಾ ಶಿಕ್ಷಕಿ, ಬೀದಿಗೆಲ್ಲ ಟೀಚರಮ್ಮ. ಅವರ ದೂರಿನಷ್ಟು ಅಂದವಾದ ಕಾಗದವನ್ನು ನಾನು ಕಚೇರಿಯಲ್ಲಿ ಇನ್ನೊಂದು ಕಂಡಿಲ್ಲ. ಎರಡು ಪುಟ, ದುಂಡು ಅಕ್ಷರ, ಒಂದೇ ಒಂದು ಚಿತ್ತಿಲ್ಲ. ‘ನನ್ನ ಗೇಟಿನ ಮುಂದಿನ ಚರಂಡಿಯ ಕಲ್ಲುಗಳ ಮೇಲೆ ಬೆರಳು ದಪ್ಪ ಕಪ್ಪು ಲೋಳೆ ಕಟ್ಟಿರುತ್ತದೆ’ ಎಂಬ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ. ದೂರಿನಲ್ಲಿ ಸುಳ್ಳೇನೂ ಇರಲಿಲ್ಲ.

ಕಚೇರಿಯಿಂದ ಆಪಾಗೆ ನೋಟಿಸು ಹೋಯಿತು. ನೀರನ್ನು ಶುದ್ಧ ಮಾಡಿ ಮತ್ತೆ ಬಳಸಬೇಕು, ಇಲ್ಲವಾದರೆ ಶೆಡ್ಡು ಮುಚ್ಚಬೇಕು. ಹೇಗೆ ಮಾಡಬೇಕೆಂದು ತೋರಿಸಿಕೊಟ್ಟವಳು ನಾನು. ಹಿತ್ತಲಲ್ಲಿ ಸಾಲಾಗಿ ಮೂರು ಗುಂಡಿ. ಮೊದಲನೆಯದರಲ್ಲಿ ಗಷ್ಟು ಕೂರುತ್ತದೆ. ಎರಡನೆಯದರ ತುಂಬ ಜಲ್ಲಿ, ನೀರು ಅದರ ಸಂದಿಯಲ್ಲಿ ನಿಧಾನವಾಗಿ ಇಳಿಯಬೇಕು. ಮೂರನೆಯದಕ್ಕೆ ಬಂದ ನೀರಿನಿಂದ ನೆಲ, ತಟ್ಟೆ, ಬುಟ್ಟಿ ತೊಳೆಯುವುದು, ಮಿಕ್ಕಿದ್ದು ಹಿತ್ತಲಿನ ನಾಲ್ಕು ಸಾಲು ಹಿಪ್ಪುನೇರಳೆಗೆ. ಆಪಾ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿಸಿದರು. ಎರಡು ತಿಂಗಳು ನೀರು ಹರಿದ ಮೇಲೆ, ಮೂರನೇ ಗುಂಡಿಯ ನೀರನ್ನು ಪರೀಕ್ಷೆಗೆ ಒಯ್ಯಲು ಇಂಥ ದಿನ ಬರುತ್ತೇನೆಂದು ನಾನು ಫೋನ್ ಮಾಡಿದೆ. ಅಲ್ಲೇ ಎಡವಟ್ಟಾದದ್ದು.

ಅವತ್ತು ಬೆಳಿಗ್ಗೆ ಸ್ಕೂಟರಿನಿಂದ ಐಸ್ ಡಬ್ಬಿ ಇಳಿಸುವಾಗಲೇ ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯಿತು. ಹಿತ್ತಲಿಗೆ ಹೋದರೆ ಗುಂಡಿಗಳಿಗೆ ಹೊಸ ಸುಣ್ಣ. ಜಲ್ಲಿ ಒಂದೊಂದೂ ಈಗ ತಾನೆ ಕ್ವಾರಿಯಿಂದ ಬಂದಂತೆ ಫಳಫಳ ಹೊಳೆಯುತ್ತಿದೆ. ಮೂರನೇ ಗುಂಡಿಯಲ್ಲಿ ತಳ ಕಾಣುವಷ್ಟು ತಿಳಿನೀರು. ಮೂವರು ಹೆಂಗಸರೂ ಸೆರಗು ಸರಿಮಾಡಿಕೊಂಡು ಸಾಲಾಗಿ ನಿಂತಿದ್ದಾರೆ, ಮುಖದಲ್ಲಿ ಹೆಮ್ಮೆ ತುಳುಕುತ್ತಿದೆ.

“ನೋಡಿ ಮೇಡಂ, ಕುಡೀಬೋದು!” ಎಂದರು ಆಪಾ.

“ಇದೇನು ನೀರು ಆಪಾ?”

“ಬೋರ್‌ವೆಲ್ದು. ಹಳೇದೆಲ್ಲ ಎತ್ತಿ ಹಾಕಿ, ಜಲ್ಲೀನ ಎರಡು ದಿನ ಕೂತ್ಕೊಂಡು ಬ್ರಶ್ಶಲ್ಲಿ ಉಜ್ಜಿದೀವಿ. ಏನು ಲೋಳೆ ಅಂತೀರಾ, ಅಬ್ಬಾ! ಸೋಪಿನ ಪುಡಿ ಹಾಕಿದ್ರೂ ಬಿಡ್ಲಿಲ್ಲ, ಆಮೇಲೆ ಬ್ಲೀಚಿಂಗ್ ಹಾಕಿದ್ವಿ.”

ನನಗೆ ಮೂಗಿನ ತುದಿಯಲ್ಲೇ ಕೋಪ. “ಯಾರು ತೊಳೀರಿ ಅಂದಿದ್ದು? ಆ ಲೋಳೇನೇ ನೀರು ಶುದ್ಧ ಮಾಡ್ತಿದ್ದಿದ್ದು! ಎರಡು ತಿಂಗಳ ಕೆಲಸಾನ ಬ್ರಶ್ಶಲ್ಲಿ ಉಜ್ಜಿ ಚೆಲ್ಲಿದ್ದೀರಲ್ಲ!” ಎಂದು ಕೂಗಿಬಿಟ್ಟೆ.

ನಾದಿನಿಯರಿಬ್ಬರೂ ಹಿಂದೆ ಸರಿದರು. ಆಪಾ ಮಾತ್ರ ನನ್ನನ್ನೇ ನೇರವಾಗಿ ನೋಡಿ, “ನೀವು ಬರ್ತೀರಂತಲ್ವಾ ತೊಳ್ದಿದ್ದು? ಮನೆಗೆ ಬಂದವ್ರಿಗೆ ಲೋಳೆ ತೋರಿಸ್ತಾರಾ ಯಾರಾದ್ರೂ?” ಎಂದರು.

ಹಬ್ಬ ಬಂದರೆ ನಮ್ಮಮ್ಮನೂ ಅಟ್ಟದ ಮೇಲಿನ ಪಾತ್ರೆಯನ್ನು ಬಿಡದೆ ತಿಕ್ಕುತ್ತಾರೆ. ಜಲ್ಲಿಯ ಮೇಲೆ ಕಟ್ಟುವ ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ನೀರಿನ ಕೊಳೆಯನ್ನು ತಿನ್ನುವುದು ಅವೇ ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಗುಂಡಿಯ ಉದ್ದ ಹೇಳಿದ್ದೆ, ಆಳ ಹೇಳಿದ್ದೆ, ಮುಖ್ಯವಾದದ್ದನ್ನೇ ನುಂಗಿದ್ದೆ. ತಪ್ಪು ನನ್ನದೂ ಹೌದು ಎಂದು ಗೊತ್ತಾದ ಮೇಲೆ ನಗು ಉಕ್ಕಿ ಬಂತು. ನಾನು ನಕ್ಕದ್ದು ನೋಡಿ ನಾದಿನಿಯರೂ ನಕ್ಕರು. ಆಪಾ ನಗಲಿಲ್ಲ.

“ಈ ನೀರೇ ಹಿಡ್ಕೊಂಡು ಹೋಗಿ ಮೇಡಂ. ಪಾಸಾಗತ್ತಲ್ಲ” ಎಂದರು ಮೆಲ್ಲಗೆ.

ಪಾಸೇನು, ಜಿಲ್ಲೆಗೇ ಮೊದಲು ಬರುತ್ತಿತ್ತು. ಬಾಟಲಿ ನನ್ನ ಕೈಯಲ್ಲೇ ಇತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಾಳೆಯಿಂದ ಮತ್ತೆ ಟೀ ಬಣ್ಣದ ನೀರು ಹರಿಯುತ್ತದೆ, ಜಲ್ಲಿ ಸುಮ್ಮನೆ ನೋಡುತ್ತ ಕೂರುತ್ತದೆ. ಖಾಲಿ ಬಾಟಲಿಗೇ ಮುಚ್ಚಳ ಹಾಕಿದೆ. ಕಚೇರಿಗೆ ಹೋಗಿ ನಡೆದದ್ದನ್ನು ನಡೆದಂತೆ ಬರೆದುಕೊಟ್ಟೆ. ನಮ್ಮ ಸಾಹೇಬರು ಓದಿ, ಕನ್ನಡಕ ತೆಗೆದು, ಮೂರು ವಾರ ಟೈಮು ಕೊಟ್ಟರು. ಆಗಲೂ ನೀರು ಸರಿಯಿರದಿದ್ದರೆ ಶೆಡ್ಡಿಗೆ ಬೀಗ.

ಮಾರನೆಯ ದಿನವೇ ಆಪಾ ಮನೆಗೆ ಓಡಿದೆ. ಮೂರು ವಾರದಲ್ಲಿ ಲೋಳೆ ತಾನಾಗಿ ಕಟ್ಟುವುದು ಕಷ್ಟ. ಅದನ್ನು ಹೇಗೆ ವಿವರಿಸಲಿ ಎಂದು ತಡಕಾಡಿ ಕೊನೆಗೆ, “ಹಾಲು ಕಾಯಿಸಿ ಸುಮ್ಮನೆ ಇಟ್ರೆ ಮೊಸರಾಗತ್ತಾ ಆಪಾ? ಹೆಪ್ಪು ಬೇಕಲ್ವಾ? ನೀವು ಹೆಪ್ಪನ್ನೇ ತೊಳ್ದುಬಿಟ್ರಿ” ಎಂದೆ.

ಅವರಿಗೆ ತಕ್ಷಣ ಹೊಳೆಯಿತು. “ಹಂಗಾದ್ರೆ ಹೆಪ್ಪು ಎಲ್ಲಿಂದ ತರಣ?”

ಇಬ್ಬರೂ ಒಟ್ಟಿಗೇ ಬೀದಿಯ ಕಡೆ ನೋಡಿದೆವು. ವರ್ಷಗಟ್ಟಲೆ ಇದೇ ಶೆಡ್ಡಿನ ನೀರು ಕುಡಿದು ಬೆಳೆದ ಲೋಳೆ ಟೀಚರಮ್ಮನ ಗೇಟಿನ ಮುಂದೆ ಇನ್ನೂ ಹಾಗೇ ಇತ್ತು. ಕೆಂಪು ಶಾಯಿಯಲ್ಲಿ ಗೆರೆ ಎಳೆಸಿಕೊಂಡ ಅದೇ ಲೋಳೆ.

“ಚರಂಡಿ ಪುರಸಭೆಯದು ಆಪಾ, ಬಾಚ್ಕೊಂಡು ಬರಣ” ಎಂದೆ.

“ಅವ್ರ ಬಾಗಿಲ ಮುಂದೆ ಇರೋದು ಮೇಡಂ. ಕೇಳ್ದೆ ಹೆಪ್ಪು ಎತ್ಕೊಂಡು ಬರ್ತಾರಾ?”

ಆ ಎರಡು ಮನೆಗಳ ನಡುವೆ ಹಿಂದೆ ನಿಜವಾದ ಹೆಪ್ಪೂ ಓಡಾಡುತ್ತಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ದಿನಾ ಸಂಜೆ, ದೀಪ ಹಚ್ಚುವ ಮೊದಲು, ಟೀಚರಮ್ಮ ಎದೆಯೆತ್ತರದ ಕಾಂಪೌಂಡಿನ ಮೇಲೆ ಒಂದು ಸಣ್ಣ ಬಟ್ಟಲು ಮೊಸರು ಇಡುತ್ತಿದ್ದರಂತೆ. ದೂರು ಕೊಟ್ಟ ದಿನದಿಂದ ಬಟ್ಟಲೂ ಇಲ್ಲ, ಮಾತೂ ಇಲ್ಲ. ಒಂದು ವರ್ಷದಿಂದ ಆಪಾ ಮನೆಯಲ್ಲಿ ಪ್ಯಾಕೆಟ್ ಮೊಸರು.

ಆಪಾ ಬಕೆಟ್ಟು ಹಿಡಿದು ಗೇಟಿನ ಮುಂದೆ ನಿಂತರು. ಅವರ ಹಿಂದೆ ನಾನು. ಟೀಚರಮ್ಮ ಹೊರಗೆ ಬಂದು ಬಕೆಟ್ಟನ್ನೂ ನಮ್ಮಿಬ್ಬರನ್ನೂ ನೋಡಿದರು.

“ಟೀಚರಮ್ಮ, ಒಂದು ಬಕೆಟ್ ಲೋಳೆ ಬೇಕಿತ್ತು” ಎಂದರು ಆಪಾ.

ನಾನು ಮಧ್ಯೆ ಬಾಯಿ ಹಾಕಿ ಎಲ್ಲವನ್ನೂ ಗಡಬಡಿಸಿ ಹೇಳಿದೆ. ಟೀಚರಮ್ಮ ಪಾಠ ಒಪ್ಪಿಸಿಕೊಳ್ಳುವವರಂತೆ ಕೊನೆಯವರೆಗೂ ಕೇಳಿ, “ತೆಗೀರಿ ತೆಗೀರಿ ಅಂತ ವರ್ಷಗಟ್ಟಲೆ ಬಡ್ಕೊಂಡೆ. ಈಗ ಬಂಗಾರ ಆಯ್ತಾ?” ಎಂದರು. ಆಮೇಲೆ ತಡೆಯಲಾರದೆ ನಕ್ಕು, ತಮ್ಮ ಮನೆಮಾತಾದ ತೆಲುಗಿಗೆ ಜಾರಿದರು. “ತೀಸ್ಕೋಮ್ಮಾ, ಅಂತಾ ತೀಸ್ಕೋ. ಎಲ್ಲಾ ತಗೊಂಡ್ಹೋಗು. ಆ ಮೂಲೇಲಿ ದಪ್ಪಕ್ಕಿದೆ, ಅದನ್ನ ಬಿಡಬೇಡ.”

ಬಾಚಿದೆವು. ನಾದಿನಿಯರೂ ಬಂದರು. ಟೀಚರಮ್ಮ ಗೇಟಿನಲ್ಲಿ ನಿಂತು ಅಲ್ಲಿದೆ ಇಲ್ಲಿದೆ ಎಂದು ಕೈ ತೋರಿಸುತ್ತಲೇ ಇದ್ದರು. ಬ್ಲೀಚಿಂಗ್ ವಾಸನೆ ಹೋಗುವವರೆಗೆ ಜಲ್ಲಿಯನ್ನು ಬರೀ ನೀರಿನಲ್ಲಿ ಜಾಲಿಸಿ, ಬಿಸಿಲಿಗಿಟ್ಟು, ಮತ್ತೆ ಗುಂಡಿಗೆ ತುಂಬಿ, ಮೇಲೆ ಆ ಹೆಪ್ಪು ಸುರಿದೆವು. ಆಪಾ ಕೆಲಸವನ್ನು ಅರ್ಧಕ್ಕೆ ಇಳಿಸಿದರು. ಮೂರನೇ ಗುಂಡಿಯ ನೀರನ್ನು ಎತ್ತಿ ಮತ್ತೆ ಮೊದಲನೆಯದಕ್ಕೇ ಸುರಿದರು, ಚರಂಡಿಗೆ ಒಂದು ಹನಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಒಂದು ಜಲ್ಲಿ ಎತ್ತಿ ಬೆರಳಲ್ಲಿ ಸವರಿ ನನಗೆ ಫೋನು. “ಇನ್ನೂ ಗರಗರ ಅಂತಿದೆ ಮೇಡಂ.” ಎರಡನೇ ವಾರ ಕೊನೆಯಾಗುವಾಗ ನಾನು ಚಿಂತಾಮಣಿಯ ಒಂದು ಕೆರೆ ಏರಿಯ ಮೇಲಿದ್ದೆ. “ಜಾರ್ತಿದೆ ಮೇಡಂ, ಜಾರ್ತಿದೆ!” ಎಂದು ಆಪಾ ಕೂಗಿದ್ದಕ್ಕೆ ನಾನೂ ಏರಿಯ ಮೇಲೇ ‘ಹೋ’ ಎಂದು ಕೂಗಿದೆ. ಎಮ್ಮೆ ಮೇಯಿಸುತ್ತಿದ್ದ ಅಜ್ಜಿ ನನ್ನನ್ನು ಒಂಥರಾ ನೋಡಿದರು.

ಮೂರನೇ ವಾರ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ತುಂಬಿ, ಐಸಿನಲ್ಲಿಟ್ಟು ಲ್ಯಾಬಿಗೆ ಕಳಿಸಿದೆ. ಆ ನೀರು ಕುಡಿಯುವಂತೇನೂ ಇರಲಿಲ್ಲ, ತುಸು ಹಳದಿಯಾಗಿತ್ತು. ಆದರೆ ನಾರುತ್ತಿರಲಿಲ್ಲ. ಫಲಿತಾಂಶ ಬಂದ ದಿನ ಸಾಹೇಬರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ಹೆಬ್ಬೆರಳು ಎತ್ತಿದರು. ಶೆಡ್ಡು ಉಳಿಯಿತು. ನಾನು ಫೋನಿನಲ್ಲಿ ಹೇಳಿದಾಗ ಆಪಾ ಖುಷಿಗೆ ಅತ್ತರು.

ಒಂದು ತಿಂಗಳ ಮೇಲೆ ಕಚೇರಿಗೆ ಮತ್ತೊಂದು ಕಾಗದ ಬಂತು. ಅದೇ ದುಂಡು ಅಕ್ಷರ. ಸಾಹೇಬರು ‘ಇನ್ನೇನಪ್ಪಾ’ ಎಂದು ಹಣೆ ಒತ್ತಿಕೊಂಡು ಗಟ್ಟಿಯಾಗಿ ಓದಿದರು. ‘ನನ್ನ ಗೇಟಿನ ಮುಂದಿನ ಚರಂಡಿಯಲ್ಲಿ ಈಗ ಯಾವ ವಾಸನೆಯೂ ಇರುವುದಿಲ್ಲ. ಪಕ್ಕದ ಮನೆಯ ಮೂರನೇ ಗುಂಡಿಯ ನೀರು ಗಿಡಗಳಿಗೆ ಬಹಳ ಉತ್ತಮವಾಗಿರುವುದು ಕಂಡುಬಂದಿದ್ದು, ನನ್ನ ಬಾಳೆಗಿಡಗಳಿಗೂ ದಿನಕ್ಕೆ ಎರಡು ಕೊಡ ಕೊಡಿಸಬೇಕಾಗಿ ಪ್ರಾರ್ಥನೆ.’ ‘ಬಹಳ ಉತ್ತಮ’ದ ಕೆಳಗೆ ಕೆಂಪು ಗೆರೆ. ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಕಾಗದ ಹಿಡಿದು ಶಿಡ್ಲಘಟ್ಟಕ್ಕೆ ಹೋದೆ. ಟೀಚರಮ್ಮನ ಬಾಳೆಯ ಬುಡ ಆಗಲೇ ಒದ್ದೆಯಾಗಿತ್ತು. ಕಾಂಪೌಂಡಿನ ಮೇಲೆ ಮೊಸರಿನ ಬಟ್ಟಲು ಖಾಲಿಯಾಗಿ, ಆಪಾ ಕೈಯಲ್ಲಿ ತೊಳೆಸಿಕೊಂಡು, ಒಳಗೊಂದು ಚೂರು ಬೆಲ್ಲ ಇಟ್ಟುಕೊಂಡು ಕೂತಿತ್ತು.

“ನೀರು ಆಗಲೇ ಬರ್ತಿದೆಯಲ್ಲ ಟೀಚರಮ್ಮ, ಮತ್ತೆ ಈ ಕಾಗದ ಯಾಕೆ?” ಎಂದೆ.

“ಬೈದಿದ್ದು ಕಾಗದದಲ್ಲಿ ಅಲ್ವೇನಮ್ಮ? ಒಳ್ಳೇದಾಗಿದೆ ಅನ್ನೋದೂ ಕಾಗದದಲ್ಲೇ ಇರ್ಲಿ. ಅದೇ ಫೈಲಿಗೆ ಹಾಕು.”

ಹಾಕಿದೆ. ಮೊದಲ ದೂರಿನ ಮೇಲೆಯೇ.