ಲಾಭದ ನಂತರ ಎಷ್ಟು?

ತಪ್ಪು ಹುಡುಕುವುದು ನನಗೊಂದು ಚಟ. ಮದುವೆ ಕರೆಯೋಲೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಅಚ್ಚಿನ ದೋಷ ಕಾಣುತ್ತದೆ. ಉಣ್ಣಲು ಕೂತಾಗಲಾದರೂ ಸುಮ್ಮನಿರಿ ಎಂದು ಹೇಳಿ ಹೇಳಿ ಹೆಂಡತಿ ಸೋತಿದ್ದಾಳೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಪಾಠ ಹೇಳುತ್ತಿದ್ದ ಕೊಟ್ಟೂರಿನ ಕಂಪ್ಯೂಟರ್ ಸೆಂಟರಿನ ಮಾಲೀಕರು ಈ ಚಟವನ್ನೇ ವಿದ್ಯೆಯೆಂದು ನಂಬಿ, 'ಸಿ' ಎಂಬ ಪ್ರೋಗ್ರಾಮಿಂಗ್ ಭಾಷೆಯ ಕನ್ನಡ ಕೈಪಿಡಿಯೊಂದನ್ನು ತಿದ್ದಲು ಕೊಟ್ಟರು.

ಬರೆದವರು ನನ್ನ ಜೊತೆ ಪಾಠ ಮಾಡುತ್ತಿದ್ದ ಗಿರಿಜಮ್ಮ. ನಮ್ಮ ಪಕ್ಕದ ಅರಸೀಕೆರೆ, ತೆಲಿಗಿ ಹಳ್ಳಿಗಳ ಕಡೆಯಿಂದ ಬಸ್ಸಿಗೆ ಬರುವ ಹುಡುಗಿಯರು ಇಂಗ್ಲಿಷ್ ಪುಸ್ತಕಕ್ಕೆ ಹೆದರಿ ತಿಂಗಳೊಳಗೆ ಬಿಟ್ಟುಹೋಗುವುದನ್ನು ನೋಡಲಾರದೆ ಬರೆದಿದ್ದರು. ಒಂದು ಉದಾಹರಣೆ ಕೈಕೊಟ್ಟರೂ ಇಂಗ್ಲಿಷ್ ಪುಸ್ತಕವೇ ಗತಿ ಎಂದು ಮಾಲೀಕರು ಮೊದಲೇ ಹೇಳಿದ್ದರು.

ಬರೀ ಓದಿ ತಿದ್ದುವುದರಲ್ಲಿ ನನಗೆ ನಂಬಿಕೆಯಿಲ್ಲ. ಕಣ್ಣಿಗೆ ದಾಕ್ಷಿಣ್ಯ ಜಾಸ್ತಿ, ಇರಬೇಕಾದದ್ದನ್ನೇ ಓದಿಕೊಂಡುಬಿಡುತ್ತದೆ. ಯಂತ್ರಕ್ಕೆ ಆ ಮುಲಾಜಿಲ್ಲ. ಹಾಗಾಗಿ ಒಂದೊಂದು ಉದಾಹರಣೆಯನ್ನೂ ಟೈಪು ಮಾಡಿ ಓಡಿಸಿದೆ. ಎಲ್ಲವೂ ಸರಿಯಿದ್ದವು, ಹುಡುಗಿಯರ ಪರೀಕ್ಷೆಯ ಅಂಕಗಳನ್ನು ಸಾಲಾಗಿಡುವ ಒಂದನ್ನು ಬಿಟ್ಟು. ಅಲ್ಲಿ ಎರಡನೆಯ ಹುಡುಗಿಯ ಅಂಕ ಕೇಳಿದರೆ ಮೂರನೆಯವಳದು ಬಂತು.

ಕಾರಣ ಹುಡುಕಿದರೆ ಅದು ಗಿರಿಜಮ್ಮನ ಮನೆಯ ಮಂಡಕ್ಕಿ ಅಂಗಡಿಯಲ್ಲಿತ್ತು. ಸೇರಿನಲ್ಲಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನದೆ 'ಲಾಭ' ಎನ್ನುವುದು ನಮ್ಮಲ್ಲಿ ರೂಢಿ: ಲಾಭ, ಎರಡು, ಮೂರು. 'ಸಿ' ಭಾಷೆಯೋ ಸಾಲಿನ ಮೊದಲ ಮನೆಗೆ ಸೊನ್ನೆ ಎನ್ನುತ್ತದೆ. ಆ ಸೊನ್ನೆಯನ್ನೇ ಲಾಭವೆಂದು ತಿಳಿಯಿರಿ ಎಂದು ಸೊಗಸಾಗಿ ವಿವರಿಸಿದ್ದ ಗಿರಿಜಮ್ಮ, ಅಭ್ಯಾಸಬಲದಿಂದ ಮುಂದಿನದನ್ನು ಎರಡು ಎಂದಿದ್ದರು.

ತಪ್ಪು ತೋರಿಸಿ ನನಗೆ ಮೊದಲ ಸಲ ಖುಷಿಯಾಗಲಿಲ್ಲ. "ಹಂಗಾರ ಇಂಗ್ಲಿಷ್ ಪುಸ್ತಕನ ಗಟ್ಟಿ ಆತೇನ್ರಿ ಸರ?" ಎಂದರು ಗಿರಿಜಮ್ಮ, ದನಿ ಸಣ್ಣದಾಗಿತ್ತು. ರಸ್ತೆ ಬದಿಯ ಮೈಲಿಗಲ್ಲನ್ನು ನೆನಪಿಸಿದೆ. ಊರಲ್ಲೇ ಇರುವ ಕಲ್ಲಿನ ಮೇಲೆ 'ಕೊಟ್ಟೂರು ೦' ಎಂದಿರುತ್ತದೆ, ಅದರ ಮುಂದಿನದು ಒಂದು. ಯಂತ್ರವೂ ಹಾಗೆಯೇ ಸಾಲಿನ ತಲೆಯಿಂದ ದೂರ ಎಷ್ಟೆಂದು ಕೇಳುತ್ತದೆ, ಅಷ್ಟೆ. ಗಿರಿಜಮ್ಮ ಲಾಭವನ್ನು ಬಿಡಲಿಲ್ಲ. 'ಯಂತ್ರದಲ್ಲಿ ಲಾಭದ ನಂತರ ಒಂದು' ಎಂದು ಸೇರಿಸಿ ಉದಾಹರಣೆ ತಿದ್ದಿದರು. ಓಡಿಸಿದೆವು, ಸರಿಯಾದ ಹುಡುಗಿಯ ಅಂಕವೇ ಬಂತು. ಪುಸ್ತಕ ಅಚ್ಚಾಯಿತು, ಹುಡುಗಿಯರು ಉಳಿದರು.

ಮುಂದೊಂದು ಭಾನುವಾರ ಅವರ ಅಂಗಡಿಗೆ ಹೋಗಿ ಐದು ಸೇರು ಮಂಡಕ್ಕಿ ಕೇಳಿದೆ. ಅವರಪ್ಪ ಊಟಕ್ಕೆ ಹೋಗಿದ್ದರಿಂದ ಗಿರಿಜಮ್ಮನೇ ಅಳೆದರು: ಲಾಭ, ಒಂದು, ಎರಡು, ಮೂರು, ನಾಲ್ಕು, ಐದು. ನನ್ನ ಚಟ ಬಿಡಬೇಕಲ್ಲ, ಒಂದು ಸೇರು ಹೆಚ್ಚಾಯಿತೆಂದೆ. ಅವರು ಚೀಲದ ಬಾಯಿ ಕಟ್ಟುತ್ತಾ ನಕ್ಕರು.

"ಪುಸ್ತಕದಾಗ ತಪ್ಪಿದ್ರ ಹುಡುಗ್ಯಾರಿಗೆ ತ್ರಾಸು ಸರ. ಇಲ್ಲಿ ತಪ್ಪಿದ್ರ ನಿಮ್ಮ ಮನ್ಯಾಗ ನಾಕು ಮುಕ್ಕು ಹೆಚ್ಚು ತಿಂತಾರ. ಒಯ್ರಿ."

ಆ ಸಂಜೆ ಹೆಂಡತಿ ಮಾಡಿದ ಒಗ್ಗರಣೆ ಮಂಡಕ್ಕಿಗೆ ಉಪ್ಪು ಕಡಿಮೆಯಾಗಿತ್ತು. ನಾನು ಏನೂ ಹೇಳದೆ ಎರಡನೆಯ ಸಲ ಹಾಕಿಸಿಕೊಂಡೆ.