ಹಸುಗಳ ಕ್ಯೂ ಕರಗಿಸಿದ ಸ್ಪೀಡ್ ಲಿಮಿಟ್

ಮಗಾ, ಈಗಷ್ಟೇ ಏನಾಯ್ತು ಅಂತ ಹೇಳಿದ್ರೆ ನೀನು ನಂಬೋದೇ ಇಲ್ಲ!

ಡೇರಿ ಫಾರ್ಮ್‌ನೋರಿಗೆ ನಾವೊಂದು ಆ್ಯಪ್ ಮಾಡಿದೀವಲ್ಲ, ಅದರಲ್ಲಿ ಡೌನ್‌ಲೋಡ್ ಎಷ್ಟಾಯ್ತು ಅಂತ ತೋರಿಸೋ ಪಟ್ಟಿ ಸರಿಯಾಗಿ ತುಂಬುತ್ತಾ ನಿಧಾನಕ್ಕೆ ನೋಡೋಣ ಅಂತ ಕೋಡಲ್ಲಿ ಸ್ಪೀಡ್ ಲಿಮಿಟ್ ಹಾಕಿದ್ದೆ. ಒಂದು ತುಂಡು ಬರ್ಬೇಕು, ಸ್ವಲ್ಪ ನಿಲ್ಬೇಕು, ಆಮೇಲೆ ಇನ್ನೊಂದು ತುಂಡು. ತೆಗೆಯೋದು ಮರೆತೇ ಬಿಟ್ಟೆ! ಅದು ಹಾಗೇ ಹೊಸ ಅಪ್‌ಡೇಟ್ ಜೊತೆ ಹ್ಯಾಮಿಲ್ಟನ್ ಊರಿನ ಹತ್ರ ಒಂದು ಫಾರ್ಮ್‌ಗೆ ಹೋಗ್ಬಿಟ್ಟಿದೆ.

ಇವತ್ತು ಸರಿಮಾಡೋಕೆ ಅಂತ ಬಾಸ್ ಮಂಜಣ್ಣ ನನ್ನನ್ನೇ ಕಾರಲ್ಲಿ ಕೂರಿಸ್ಕೊಂಡು ಹೊರಟ್ರು. ದಾರಿಯುದ್ದಕ್ಕೂ, "ಈ ಲಿಮಿಟ್ ಮರೆತ ಪುಣ್ಯಾತ್ಮ ಯಾರು ಅಂತ ಗೊತ್ತಾಗ್ಲಿ, ಅವತ್ತೇ ಮನೆಗೆ ಕಳಿಸ್ತೀನಿ!" ನಾನು ಕಿಟಕಿ ಕಡೆ ನೋಡ್ತಾ ಕೂತಿದ್ದೆ.

ಶೆಡ್ಡಲ್ಲಿ ಲ್ಯಾಪ್‌ಟಾಪ್ ತೆಗೆದಿದ್ದೇ ತಡ, ಫಾರ್ಮರ್ ಗಂಬೂಟಲ್ಲೇ ಓಡಿ ಬಂದ. "ಅದನ್ನ ಮುಟ್ಬೇಡಿ! ಮೊದಲು ನಿಮ್ಮ ಡೌನ್‌ಲೋಡ್ ಶುರುವಾದ್ರೆ ಇಂಟರ್ನೆಟ್ಟೆಲ್ಲ ಅದೇ ಕುಡಿದುಬಿಡ್ತಿತ್ತು. ಹಾಲು ಕರೆಯೋ ಕಡೆ ಇಂಟರ್ನೆಟ್ಟಲ್ಲೇ ನಡೆಯೋ ಗೇಟು ತೆರೀತಿರ್ಲಿಲ್ಲ, ಹಸುಗಳೆಲ್ಲ ಕ್ಯೂ ನಿಂತು ಅಂಬಾ ಅಂತಿದ್ವು. ಈಗ ಆರಾಮಾಗಿದೆ. ಯಾರ ತಲೆ ಸ್ವಾಮಿ ಇದು?"

ಮಂಜಣ್ಣ ನಿಧಾನಕ್ಕೆ ನನ್ನ ಕಡೆ ತಿರುಗಿದ್ರು. "ಯಾರೋ ಅದು? ಬೇಕಂತಲೇ ಹಾಕಿದ್ನಾ, ಇಲ್ಲಾ ಮರೆತಿದ್ನಾ?"

"ಟಾಯ್ಲೆಟ್‌ಗೆ ಹೋಗ್ಬರ್ತೀನಿ ಅಣ್ಣ" ಅಂತ ಓಡಿಬಂದು ಇಲ್ಲಿಂದಾನೇ ನಿಂಗೆ ಫೋನ್ ಮಾಡ್ತಿದೀನಿ. ಇಬ್ರೂ ಹೊರಗೆ ಕಾಯ್ತಿದಾರೆ. ನೀನಾಗಿದ್ರೆ ಏನಂತಿದ್ದೆ ಮಗಾ?