ಮೆಲಿತ್ತಾಳ ಕೇರಿಗೆ ನೀರು ಬಂದದ್ದು

ಅಥೆನ್ಸಿನ ನಮ್ಮ ಕೇರಿಯಲ್ಲಿ ಮೆಲಿತ್ತಾಳ ದನಿ ಕೇಳಿಸದ ಬೆಳಗೇ ಇರಲಿಲ್ಲ. ಪೇಟೆಯಲ್ಲಿ ಹೂವು, ಎಲೆಗಳ ಕಿರೀಟ ಕಟ್ಟಿ ಮಾರುವವಳು ಅವಳು. ಕೂಗಿ ಕೂಗಿ ಗಂಟಲು ಗಟ್ಟಿಯಾಗಿತ್ತು. ಗಂಡನ ಹೆಸರು ಡೆಕ್ಸಿಯ, ಹಡಗುಗಳಿಗೆ ಹಗ್ಗ ಹೊಸೆಯುತ್ತಿದ್ದ. ಮಾತು ಕಡಿಮೆ. ಗುಡ್ಡದ ಮೇಲಿನ ಜನಸಭೆಗೆ ತಪ್ಪದೆ ಹೋಗುತ್ತಿದ್ದ, ಕೈ ಎತ್ತಬೇಕಾದಾಗ ಎತ್ತುತ್ತಿದ್ದ, ಬಾಯಿ ಮಾತ್ರ ತೆರೆಯದೆ ಮನೆಗೆ ಬರುತ್ತಿದ್ದ.

ಒಂದು ವರ್ಷ ಊರಿನ ಆಲೋಚನಾ ಮಂಡಲಿಗೆ ಚೀಟಿ ಎತ್ತುವ ಹಾಗೆ ಕಾಳು ಎತ್ತಿ ಆರಿಸುವಾಗ ಅವನ ಹೆಸರಿಗೆ ಬಿಳಿ ಕಾಳು ಬಂತು. ಐನೂರು ಮಂದಿಯಲ್ಲಿ ಅವನೂ ಒಬ್ಬನಾದ. ಮಂಡಲಿಯವರು ತೊಡುವ ಮಿರ್ಟಲ್ ಎಲೆಯ ಕಿರೀಟವನ್ನು ಮೆಲಿತ್ತಾ ತಾನೇ ಕಟ್ಟಿ ಅವನ ತಲೆಗಿಟ್ಟಳು.

"ಇಷ್ಟು ವರ್ಷ ಕಂಡೋರ ಗಂಡಂದಿರ ತಲೆಗೆ ಕಟ್ಟಿದ್ದೇ ಆಯ್ತು. ನಿನ್ ತಲೆ ಇಷ್ಟು ದೊಡ್ದು ಅಂತ ಇವತ್ತೇ ಗೊತ್ತಾಗಿದ್ದು ಕಣಯ್ಯಾ" ಎಂದಳು. ಅವನು ನಾಚಿ ನಕ್ಕ.

ಅಥೀನಾ ದೇವಿಯ ದೊಡ್ಡ ಗುಡಿ ಏಳುತ್ತಿದ್ದ ಕಾಲ ಅದು. ಪೆಂಟೆಲಿ ಬೆಟ್ಟದಿಂದ ಅಮೃತಶಿಲೆ ಹೇರಿದ ಬಂಡಿಗಳು ದಿನವಿಡೀ ನಮ್ಮ ಕೇರಿಯ ಮೇಲೇ ಹೋಗುತ್ತಿದ್ದವು. ಶಿಲ್ಪಿಗಳು, ಬಡಗಿಗಳು, ದೂರದ ದ್ವೀಪಗಳಿಂದ ಬಂದ ಕೆಲಸಗಾರರು, ಎಲ್ಲರಿಗೂ ಕೈತುಂಬ ಕೆಲಸ. ಸಂಜೆ ಹೊತ್ತು ಗುಡ್ಡದತ್ತ ನೋಡಿದರೆ ಹೊಸ ಕಂಬಗಳು ಜೇನಿನ ಬಣ್ಣಕ್ಕೆ ತಿರುಗುತ್ತಿದ್ದವು. ನಮಗೂ ಹೆಮ್ಮೆಯೇ. ಆದರೆ ಬಂಡಿಯ ಎತ್ತುಗಳೆಲ್ಲ ನೀರು ಕುಡಿಯುತ್ತಿದ್ದದ್ದು ನಾವು ಕೊಡ ತುಂಬುವ ಕಾರಂಜಿಯ ತೊಟ್ಟಿಯಲ್ಲಿ. ಬೆಳಗಾದರೆ ಅಲ್ಲಿ ಕೆಸರು, ಸಗಣಿ. ಹೆಂಗಸರು ಕೊಡ ಹಿಡಿದು ಎತ್ತಿನ ಬಾಲದ ಹಿಂದೆ ಕಾಯಬೇಕು. ಒಂದು ದಿನ ಒಂದು ಎತ್ತು ಬೆದರಿ ಮೆಲಿತ್ತಾಳ ಕೊಡವನ್ನು ತುಳಿದು ಪುಡಿ ಮಾಡಿತು. ಅವಳ ಪಾದಕ್ಕೂ ಪೆಟ್ಟಾಯಿತು.

ಕುಂಟುತ್ತ ಮನೆಗೆ ಬಂದವಳು ಗಂಡನ ಎದುರಿಗೇ ಕುಳಿತಳು. ಪಕ್ಕದ ಮನೆಯವಳಾದ ನನಗೆ ಗೋಡೆಯಾಚೆಯಿಂದ ಎಲ್ಲ ಕೇಳಿಸುತ್ತಿತ್ತು.

"ಅಲ್ಲಾ, ಐನೂರು ಜನ ಕೂತ್ಕೊಂಡು ದಿನಾ ಏನ್ ಮಾತಾಡ್ತೀರಿ?"

"ಹಡಗು, ಕಪ್ಪ, ರಾಯಭಾರಿಗಳು... ದೊಡ್ಡ ವಿಷಯ ಕಣೇ."

"ನಿಮ್ಮಲ್ಲಿ ಒಬ್ಬರಾದ್ರೂ ಕೊಡ ಹೊತ್ತಿದ್ದೀರಾ? ಕೆಳಗಡೆ ರಸ್ತೆ ತಿರುವಲ್ಲಿ ಎತ್ತುಗಳಿಗೇ ಬೇರೆ ಬಾನಿ ಇಡ್ಸಿ. ಕಾರಂಜಿಯಿಂದ ಒಂದು ಕೊಳವೆ ಎಳೆದ್ರೆ ತೊಟ್ಟಿ ತುಂಬಿ ಹರಿದುಹೋಗೋ ನೀರೆಲ್ಲ ಅಲ್ಲಿಗೇ ಹೋಗುತ್ತೆ. ಇಷ್ಟು ಹೇಳೋಕ್ಕೆ ನಾಲಿಗೆ ಸವೆಯುತ್ತಾ?"

"ಅಷ್ಟು ಜನರ ಮುಂದೆ ನನಗೆ ಬಾಯೇ ಬರಲ್ಲ ಮಾರಾಯ್ತಿ."

"ನಾನು ಹೇಳ್ಕೊಡ್ತೀನಿ. ಹೇಳು ನೋಡಣ."

ಅವಳು ಹೇಳಿದಳು, ಅವನು ಹೇಳಿದ. ತಪ್ಪಿದರೆ ಗದರಿದಳು. ಹಾಗೇ ಅಭ್ಯಾಸ ನಡೆಯಿತು.

ಮಂಡಲಿಯಲ್ಲಿ ಡೆಕ್ಸಿಯ ಎದ್ದು ನಿಂತಾಗ ಪಕ್ಕದವನು, ಹೊರಗೆ ಹೋಗಲು ಎದ್ದನೆಂದುಕೊಂಡು ಕಾಲು ಮಡಚಿ ದಾರಿ ಬಿಟ್ಟನಂತೆ. ಡೆಕ್ಸಿಯ ಅಲ್ಲೇ ನಿಂತು, ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ದೇವಿ ಗುಡಿಗೆ ಕಲ್ಲೆಳೆಯೋ ಎತ್ತುಗಳನ್ನ ಓಡಿಸು ಅಂತೀಯಾ?" ಎಂದು ಒಬ್ಬ ಶ್ರೀಮಂತ ಕೇಳಿದ.

"ಇಲ್ಲ ಸ್ವಾಮಿ. ಅವಕ್ಕೂ ನೀರು ಬೇಕು, ಹೆಂಗಸ್ರಿಗೂ ಬೇಕು."

"ಇದೆಲ್ಲ ಯಾರಪ್ಪಾ ನಿನಗೆ ಹೇಳ್ಕೊಟ್ಟಿದ್ದು?"

ಈ ಪ್ರಶ್ನೆಗೆ ಮೆಲಿತ್ತಾ ಉತ್ತರ ಕಲಿಸಿರಲಿಲ್ಲ. "ನನ್ನ ಹೆಂಡ್ತಿ" ಎಂದುಬಿಟ್ಟ.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಗು ನಿಂತ ಮೇಲೆ ಒಬ್ಬ ಮುದುಕ ಕಣ್ಣೊರೆಸಿಕೊಳ್ಳುತ್ತ, "ನಗೋದಿರಲಿ, ನಮ್ಮ ಮನೇಲೂ ದಿನಾ ಇದೇ ಗಲಾಟೆ" ಎಂದ. ಇನ್ನೂ ಕೆಲವರು ತಲೆಯಾಡಿಸಿದರು. ಮಾತು ಜನಸಭೆಗೆ ಹೋಯಿತು, ಕೈಗಳು ಎದ್ದವು. ಚಳಿ ಮುಗಿಯುವ ಹೊತ್ತಿಗೆ ರಸ್ತೆ ತಿರುವಿನಲ್ಲಿ ಕಲ್ಲಿನ ಬಾನಿ ಬಂತು. ನಮ್ಮ ಕಾರಂಜಿಯ ತೊಟ್ಟಿಯಲ್ಲಿ ತಳ ಕಾಣುವಂಥ ತಿಳಿನೀರು ನಿಂತಿತು.

ನಿರ್ಣಯವನ್ನು ಕಲ್ಲಿನಲ್ಲಿ ಕೆತ್ತಿ ಕಾರಂಜಿಯ ಪಕ್ಕದಲ್ಲಿ ನೆಟ್ಟರು. ಮೆಲಿತ್ತಾ, ನಾನು ಇಬ್ಬರೂ ಓದಲು ಬಾರದವರು. ಡೆಕ್ಸಿಯನೇ ಬೆರಳಿಟ್ಟು ತೋರಿಸಿದ: "ಇಲ್ಲಿ ನೋಡು, 'ಡೆಕ್ಸಿಯ ಹೇಳಿದನು' ಅಂತ ಇದೆ."

ಮೆಲಿತ್ತಾ ಆ ಅಕ್ಷರಗಳನ್ನು ಮುಟ್ಟಿ ನೋಡಿದಳು. "ನನ್ನ ಹೆಸರು ಎಲ್ಲಿದೆ?"

"ಹೆಂಗಸ್ರ ಹೆಸರು ಇದರಲ್ಲಿ ಹಾಕಲ್ಲ ಕಣೇ." ಅವನ ದನಿ ಇಳಿದಿತ್ತು.

ಅವಳು ಕೊಡ ತುಂಬಿ ತಲೆಗೇರಿಸಿ ಹೊರಟಳು. ಮರುದಿನ ಪೇಟೆಯಲ್ಲಿ ಅವಳು ಕೂಗಲಿಲ್ಲ. ಕೊಳ್ಳುವವರು ತಾವೇ ಹುಡುಕಿಕೊಂಡು ಬಂದರು. ಆ ಸಂಜೆ ಡೆಕ್ಸಿಯನೇ ಒಲೆಯ ಮುಂದೆ ಕೂತು ಬೇಳೆ ಗಂಜಿ ಕಾಯಿಸಿ, ತಳ ಹಿಡಿಸಿ, ಅವಳ ಮುಂದಿಟ್ಟ. ಅವಳು ಪೂರ್ತಿ ಉಂಡಳು.

ವರ್ಷ ಮುಗಿದ ಮೇಲೆ ಡೆಕ್ಸಿಯನು ಹಗ್ಗ ಹೊಸೆಯುವ ಕೆಲಸಕ್ಕೆ ಮರಳಿದ. ಮತ್ತೆಂದೂ ಸಭೆಯಲ್ಲಿ ಮಾತಾಡಲಿಲ್ಲ. ಗುಡಿಯೂ ಮುಗಿಯಿತು, ಬಂಡಿಗಳು ನಿಂತವು. ಎತ್ತುಗಳ ಬಾನಿಯಲ್ಲಿ ಈಗ ನಾವು ಉಣ್ಣೆ ತೊಳೆಯುತ್ತೇವೆ.

ಒಮ್ಮೆ ಅಲ್ಲೇ ಕೂತಿದ್ದಾಗ ನಾನು ಕೇಳಿದೆ: "ಅಕ್ಕಾ, ಆವತ್ತು ಹೆಸರಿಲ್ಲ ಅಂತ ಬೇಜಾರಾಗಿತ್ತಾ?"

"ಆಗ್ದೆ ಇರುತ್ತಾ?" ಎಂದಳು ಉಣ್ಣೆ ಹಿಂಡುತ್ತ. "ಈಗ್ಲೂ ಆ ಕಲ್ಲಿನ ಕಡೆ ನೋಡಲ್ಲ ನಾನು. ನೀರು ತಗೊಂಡು ಬರ್ತೀನಿ, ಅಷ್ಟೆ. ಆ ತುದಿ ಹಿಡ್ಕೊ, ಹಿಂಡೋಣ."